ಆ ರಾತ್ರಿ ಮಗುವನ್ನು ಎತ್ತಿಕೊಂಡಿದ್ದವಳಿಗೆ

ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಕಳೆದ ಭಾನುವಾರ ಮುಗಿಯಿತು. ಚಿತ್ರಗಳನ್ನು ಗೋಡೆಯಿಂದ ಇಳಿಸಿ ಮನೆಗೆ ತಂದಾಯಿತು. ಬಂದು ನೋಡಿದವರಿಗೆ, ಬರಲಾಗದೆ ಸಂದೇಶ ಕಳಿಸಿದವರಿಗೆ, ಚೌಕಟ್ಟು ಹಾಕಿಕೊಟ್ಟವರಿಗೆ, ದೀಪಗಳನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೊಂದಿಸಿಕೊಟ್ಟ ಹುಡುಗರಿಗೆ, ದೊಡ್ಡ ಮಗಳನ್ನು ಶಾಲೆಯಿಂದ ಕರೆತರುತ್ತಿದ್ದ ಪಕ್ಕದ ಮನೆಯವರಿಗೆ, ಮಕ್ಕಳ ಇಬ್ಬರು ಅಜ್ಜಿಯರಿಗೆ ನನ್ನ ಮನಃಪೂರ್ವಕ ವಂದನೆಗಳು. ಚಿಕ್ಕವನ ಕಾಯಿಲೆಯ ಸಂಗತಿ ನಿಮಗೆಲ್ಲ ತಿಳಿದೇ ಇದೆ. ಈಗ ಗುಣವಾಗಿದ್ದಾನೆ, ಮನೆತುಂಬ ಓಡಾಡುತ್ತಿದ್ದಾನೆ.

ಇನ್ನುಳಿದದ್ದನ್ನು ನನ್ನ ನಾದಿನಿಗಾಗಿ ಬರೆಯುತ್ತಿದ್ದೇನೆ. ಹೆಸರು ಹಾಕಕೂಡದೆಂದು ತಾಕೀತು ಮಾಡಿದ್ದಾಳೆ, ಹಾಕುವುದಿಲ್ಲ.

ಮಕ್ಕಳಾಗುವ ಮೊದಲು ನಾನು ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೆ. ಹಸುಗೂಸು ಮಲಗುವ ಸಣ್ಣ ಮನೆಯಲ್ಲಿ, ಆ ಬಣ್ಣವನ್ನು ತೆಳುವಾಗಿಸುವ ಘಾಟು ವಾಸನೆಯ ಟರ್ಪೆಂಟೈನ್ ತೆರೆದಿಡುವ ಹಾಗಿಲ್ಲ. ಅಕ್ರಿಲಿಕ್ ಹಿಡಿದೆ. ಅದು ಒಣಗಲು ಕೆಲವು ನಿಮಿಷ ಸಾಕು. ಹಾಲೂಡಿಸಿ ಮಲಗಿಸಿ ಬರುವಷ್ಟರಲ್ಲಿ ಕಲಸಿಟ್ಟ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುತ್ತಿತ್ತು. ಕೊನೆಗೆ ಲಿನೋ ಕೆತ್ತನೆಗೆ ಬಂದೆ: ಲಿನೋಲಿಯಂ ಫಲಕವನ್ನು ಉಳಿಯಿಂದ ಕೆತ್ತಿ, ಶಾಯಿ ಸವರಿ, ಹಾಳೆಯ ಮೇಲೆ ಒತ್ತಿ ಮುದ್ರಿಸುವ ಕೆಲಸ. ಉಳಿಯನ್ನು ಯಾವ ಗೆರೆಯ ನಡುವೆ ಕೆಳಗಿಟ್ಟರೂ ಫಲಕ ಹಾಗೆಯೇ ಕಾಯುತ್ತದೆ. ಅಳು ಕೇಳಿಸಿದಾಗ ಏಳಬಹುದು, ಮರುದಿನ ಅದೇ ಗೆರೆಯನ್ನು ಮುಂದುವರಿಸಬಹುದು. ನನ್ನ ಶೈಲಿ ಎಲ್ಲಿಂದ ಬಂತೆಂದು ಪ್ರದರ್ಶನದಲ್ಲಿ ಹಲವರು ಕೇಳಿದಿರಿ. ಮಕ್ಕಳು ನಿದ್ದೆ ಮಾಡುವ ಹೊತ್ತಿನೊಳಗೆ ಏನು ಮಾಡಲು ಸಾಧ್ಯವೋ ಅದರಿಂದ ಬಂತು. ಅದನ್ನು ನಾನೀಗ ಬೇರೆ ಯಾವುದಕ್ಕೂ ಬಿಟ್ಟುಕೊಡಲಾರೆ.

ಆದರೆ ಕೆತ್ತನೆ ಕಾದಂತೆ ಮುದ್ರಣ ಕಾಯುವುದಿಲ್ಲ. ನನ್ನ ಬಣ್ಣದ ಚಿತ್ರಗಳನ್ನೆಲ್ಲ ಒಂದೇ ಫಲಕದಿಂದ ಮಾಡಿದ್ದೇನೆ. ಒಂದು ಬಣ್ಣ ಮುದ್ರಿಸಿ, ಅದೇ ಫಲಕವನ್ನು ಇನ್ನಷ್ಟು ಕೆತ್ತಿ, ಮುಂದಿನ ಬಣ್ಣವನ್ನು ಅದರ ಮೇಲೆಯೇ ಒತ್ತಬೇಕು. ಮುಂದಕ್ಕೆ ಕೆತ್ತಿದ ಮೇಲೆ ಹಿಂದಿನ ಬಣ್ಣಕ್ಕೆ ಮರಳುವ ದಾರಿಯಿಲ್ಲ. ಹಾಗಾಗಿ ಒಂದು ಬಣ್ಣದ ಹಾಳೆಗಳೆಲ್ಲ ಒಂದೇ ಪಟ್ಟಿಗೆ ಮುಗಿಯಬೇಕು. ತಡವಾದರೆ ಗಾಜಿನ ಮೇಲೆ ಹರಡಿದ ಶಾಯಿ ಒಣಗತೊಡಗುತ್ತದೆ. ಮರುದಿನ ಹೊಸದಾಗಿ ಕಲಸಿದರೆ ಅದೇ ಛಾಯೆ ಕೂಡಿಬರುವುದು ಅಪರೂಪ.

ಆ ರಾತ್ರಿ ಕೊನೆಯ ಚಿತ್ರದ ಎರಡನೆಯ ಬಣ್ಣ ನಡೆಯುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಬಾಕಿ ಇದ್ದವು. ಗಂಡ ಕೆಲಸದ ಮೇಲೆ ಹೊರಗೆ ಹೋಗಿದ್ದರು. ಚಿಕ್ಕವನ ಜ್ವರ ಮತ್ತೆ ಏರಿತು. ವೈದ್ಯರು ಫೋನಿನಲ್ಲಿ ಹೇಳಿದ್ದು ಇಷ್ಟು: ಔಷಧಿ ಕೊಡಿ, ತಾಸಿಗೊಮ್ಮೆ ನೋಡುತ್ತಿರಿ, ಇಳಿಯದಿದ್ದರೆ ಕರೆದುಕೊಂಡು ಬನ್ನಿ. ನಾನು ನಾದಿನಿಗೆ ಕರೆ ಮಾಡಿದೆ. ಮರುದಿನ ಅವಳಿಗೆ ಕಚೇರಿ ಇತ್ತು. ಬಂದಳು.

ಮಗು ಮಲಗಿದರೆ ಕೆಮ್ಮಿ ಏಳುತ್ತಿತ್ತು. ಅವಳು ಅವನನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಉದ್ದಕ್ಕೂ ನಡೆಯತೊಡಗಿದಳು. ಸ್ವಲ್ಪ ಹೊತ್ತಿನ ನಂತರ ಶಾಯಿ ಅಂಟಿದ ನನ್ನ ಕೈಗಳನ್ನು ನೋಡಿ, "ಅತ್ತಿಗೆ, ನೀವು ಹೋಗಿ ಆ ಹಾಳೆಗಳನ್ನು ಮುಗಿಸಿ. ಏನಾದರೂ ಆದರೆ ಕೂಗುತ್ತೇನೆ" ಎಂದಳು.

ನಾನು ಮೇಜಿನ ಮುಂದೆ ಹೋಗಿ ನಿಂತೆ. ರೋಲರ್ ಎತ್ತಲಾಗಲಿಲ್ಲ. ಜ್ವರದ ಮಗುವನ್ನು ಇನ್ನೊಬ್ಬರ ಹೆಗಲ ಮೇಲೆ ಬಿಟ್ಟು ಬಣ್ಣ ಒತ್ತುವ ತಾಯಿ ಎಂಥವಳು ಎಂದು ಯಾರೂ ಕೇಳಿರಲಿಲ್ಲ. ಆದರೂ ಕಿವಿಯಲ್ಲಿ ಅದೇ. ನನಗೆ ಎರಡೂ ಬೇಕಿತ್ತು. ಈ ಮಗು ಬೇಕು, ಈ ಚಿತ್ರ ಬೇಕು, ಒಂದಕ್ಕಾಗಿ ಇನ್ನೊಂದನ್ನು ಕೊಡು ಎನ್ನುವವರ ಮುಖವನ್ನೂ ನೋಡಲಾರೆ. ಅದನ್ನೇ ಅವಳ ಮುಂದೆ ಬಾಯಿಬಿಟ್ಟು ಹೇಳಿ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ದೊಡ್ಡ ಮಾತುಗಳನ್ನೂ ಆಡಲಿಲ್ಲ. "ಶಾಯಿ ಒಣಗುತ್ತದೆ ಎಂದಿದ್ದಿರಲ್ಲ" ಎಂದಳು, ಅಷ್ಟೆ.

ನಾದಿನಿ ಲೆಕ್ಕಪತ್ರದ ಕೆಲಸದವಳು. ಕೈಗೆ ಸಿಕ್ಕ ಕಾಗದದ ನಡುವೆ ಗೆರೆ ಎಳೆದು, ಒಂದು ಕಡೆ ತಾಸಿಗೊಮ್ಮೆ ಜ್ವರ ಎಷ್ಟು, ಔಷಧಿ ಯಾವಾಗ ಎಂದು ಬರೆದಳು. ಇನ್ನೊಂದು ಕಡೆ ನಾನು ಮುಗಿಸಿದ ಹಾಳೆಗಳ ಸಂಖ್ಯೆ. ಎರಡನ್ನೂ ಒಂದೇ ಗಂಭೀರತೆಯಿಂದ ನನಗೆ ಕೂಗಿ ಹೇಳುತ್ತಿದ್ದಳು. ನನ್ನ ಕೆಲಸವನ್ನು ಹೊಗಳಿದವರು ಬಹಳ ಜನ. ಅದು ಆ ರಾತ್ರಿ ಮುಗಿಯಲೇಬೇಕಾದ ಕೆಲಸವೆಂದು ಹಾಗೆ ಲೆಕ್ಕ ಇಟ್ಟವಳು ಅವಳೊಬ್ಬಳೇ. ಬೆಳಗಿನ ಜಾವ ಜ್ವರ ಇಳಿಯಿತು. ಕೊನೆಯ ಹಾಳೆಯೂ ಒಣಗಲು ಹಗ್ಗಕ್ಕೇರಿತು. ಅವಳು ಮುಖ ತೊಳೆದುಕೊಂಡು ಕಚೇರಿಗೆ ಹೋದಳು.

ನಮ್ಮಂಥವರ ಕಥೆಗಳನ್ನು ಓದುವಾಗ ನಾನು ಈಗ ಇಂಥವರನ್ನೇ ಹುಡುಕುತ್ತೇನೆ. ಜರ್ಮನಿಯ ಚಿತ್ರಕಾರ್ತಿ ಪೌಲಾ ಮೋಡರ್ಸೋನ್-ಬೆಕರ್ 1906ರಲ್ಲಿ ಗಂಡನಿಂದ ದೂರವಾಗಿ ಪ್ಯಾರಿಸ್‌ನಲ್ಲಿದ್ದಾಗ, ಬಸುರಿಯಲ್ಲದಿದ್ದರೂ ಬಸುರಿಯಂತೆ ತನ್ನನ್ನು ಚಿತ್ರಿಸಿಕೊಂಡಳು. ಮರುವರ್ಷ ನವೆಂಬರಿನಲ್ಲಿ ಮಗಳು ಹುಟ್ಟಿದಳು. ಅದೇ ತಿಂಗಳು ಪೌಲಾ ತೀರಿಕೊಂಡಳು, 31ನೆಯ ವಯಸ್ಸಿನಲ್ಲಿ. ಬಾಣಂತಿಯಾಗಿದ್ದಾಗ ಆ ಚಿತ್ರವನ್ನು ನೋಡಿ ನಾನು ಬಹಳ ಹೊತ್ತು ಕುಳಿತಿದ್ದೆ. ಬ್ರಿಟನ್ನಿನ ಶಿಲ್ಪಿ ಬಾರ್ಬರಾ ಹೆಪ್ವರ್ತ್ 1934ರಲ್ಲಿ ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳನ್ನು ಹೆತ್ತರೂ ಕೆತ್ತನೆ ಬಿಡಲಿಲ್ಲ. ಅವಳ ಛಲವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದದ್ದೇ. ಅವಳು ಉಳಿ ಹಿಡಿದಿದ್ದ ಹೊತ್ತಿನಲ್ಲಿ ಆ ಮೂರು ಶಿಶುಗಳು ಯಾರ ಕೈಯಲ್ಲಿದ್ದವು ಎಂಬುದೂ ಶಿಲ್ಪದ ಚರಿತ್ರೆಯ ಭಾಗವೇ ಎಂದು ನನ್ನ ನಂಬಿಕೆ. ಆದ್ದರಿಂದ ಈ ಪ್ರದರ್ಶನದ ಕೊನೆಯ ಚಿತ್ರ ನನ್ನ ನಾದಿನಿಯದೂ ಹೌದು. ಆ ಚಿತ್ರದ ಮೊದಲ ಪ್ರತಿ ಮಾರಾಟಕ್ಕಿರಲಿಲ್ಲ ಏಕೆಂದು ಕೇಳಿದವರಿಗೆ ಇದೇ ಉತ್ತರ: ಅದು ಅವಳ ಮನೆಯಲ್ಲಿದೆ.

ಗಂಡನಿಗೆ ಏಕೆ ಕೃತಜ್ಞತೆ ಹೇಳಿಲ್ಲವೆಂದು ಯಾರಾದರೂ ಕೇಳಬಹುದು. ತಮ್ಮ ಮಕ್ಕಳನ್ನು ತಾವು ನೋಡಿಕೊಂಡದ್ದಕ್ಕೆ ವಂದನೆ ಬೇಡ ಎಂದು ಅವರೇ ಹೇಳಿದರು. ಆ ಮಾತಿಗಾಗಿ ಅವರ ಮೇಲೆ ನನಗೆ ಅಪಾರ ಗೌರವ.

ಮುಂದಿನ ಫಲಕದ ಮೇಲೆ ಗೆರೆ ಹಾಕಿಯಾಗಿದೆ. ವಾರದಲ್ಲಿ ಎರಡು ಬೆಳಗು ನನ್ನವೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಿಮ್ಮಲ್ಲಿ ಬರೆಯುವ, ಹಾಡುವ, ಕುಣಿಯುವ ತಾಯಂದಿರಿದ್ದೀರಿ. ನಿಮ್ಮ ಕೆಲಸ ಗಡುವಿಗೆ ಬಂದು ನಿಂತ ರಾತ್ರಿ ಮಗುವಿಗೆ ಜ್ವರ ಬಂದರೆ ನನಗೆ ಕರೆ ಮಾಡಿ, ಎಷ್ಟು ಹೊತ್ತಾಗಿದ್ದರೂ ಸರಿ. ನಾನು ಬಂದು ಮಗುವನ್ನು ಎತ್ತಿಕೊಳ್ಳುತ್ತೇನೆ.