ಹಂಡೆ ನೀರಿಗಿಂತ ಬಿಸಿಯಲ್ಲಿ ಬಾಲ ಬರುವ ವೈರಸ್ಸು

ಮೂಡಿಗೆರೆ

ಪ್ರೀತಿಯ ಪುಟ್ಟಿ,

ಮೊನ್ನೆ ಗೃಹಪ್ರವೇಶದ ಪಂಕ್ತಿಯಲ್ಲಿ ನಿನ್ನ ಸೋದರಮಾವ ನೀನು ಓದುತ್ತಿರುವ ವೈರಸ್ಸಿನ ಬಗ್ಗೆ "ಅದನ್ನ ಓದಿ ಏನಮ್ಮ ಉಪಯೋಗ?" ಅಂದಾಗ ನೀನು "ಕ್ಯಾನ್ಸರಿಗೆ ಔಷಧಿ ಸಿಗಬಹುದು" ಅಂದುಬಿಟ್ಟೆ. ನನಗೆ ಪಾಯಸ ಗಂಟಲಲ್ಲೇ ನಿಂತಿತು. ಹತ್ತು ಜನರ ಎದುರು ಬೇಡ ಅಂತ ಸುಮ್ಮನಿದ್ದೆ, ಈಗ ಬರೆಯುತ್ತಿದ್ದೇನೆ.

ಇಲ್ಲದ ಉಪಯೋಗ ಹುಟ್ಟಿಸಬೇಡ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಪಿಸಿಆರ್ ಟೆಸ್ಟಿಗೆ ಬೇಕಾದ ಕಿಣ್ವ ಸಿಕ್ಕಿತು, ನಿಜ. ಆದರೆ ಅದು ಬ್ಯಾಕ್ಟೀರಿಯಾದ ಕಥೆ. ನಿನ್ನದು ಆರ್ಕಿಯಾಕ್ಕೆ, ಅಂದರೆ ಬ್ಯಾಕ್ಟೀರಿಯಾದ ಹಾಗೆ ಕಂಡರೂ ಬೇರೆಯೇ ಗುಂಪಿನ ಏಕಕೋಶ ಜೀವಿಗೆ, ತಗಲುವ ವೈರಸ್ಸು. ಪಕ್ಕದ ಮನೆಯ ಒಡವೆ ಹಾಕಿಕೊಂಡು ಮದುವೆಗೆ ಹೋಗಬೇಡ.

ಇರುವುದನ್ನೇ ಹೇಳು, ಅದೇ ಬೇಕಾದಷ್ಟಿದೆ! ನಿನ್ನಮ್ಮನಿಗೆ ನಾನು ಹೇಗೆ ಹೇಳಿದೆ ಗೊತ್ತಾ? ಬಚ್ಚಲ ಹಂಡೆಗೆ ನನ್ನ ಹಳೇ ಲ್ಯಾಬ್ ಥರ್ಮಾಮೀಟರ್ ಇಳಿಬಿಟ್ಟೆ. 58 ಡಿಗ್ರಿ. "ಬೆರಳಿಡು" ಅಂದೆ. ಇಟ್ಟ ಹಾಗೇ ತೆಗೆದಳು. ಆಮೇಲೆ ಹೇಳಿದೆ, ಇಟಲಿಯ ಪೊಜ್ಜುವೊಲಿಯಲ್ಲಿ ಇದಕ್ಕಿಂತ ಎಷ್ಟೋ ಬಿಸಿಯಾದ, ಆಸಿಡ್‌ನಂಥ ಬುಗ್ಗೆ ಇದೆ, ಅದರೊಳಗೆ ಅಸಿಡಿಯಾನಸ್ ಅನ್ನೋ ಆರ್ಕಿಯಾ ಆರಾಮಾಗಿ ಬದುಕುತ್ತದೆ, ಅದಕ್ಕೂ ಒಂದು ವೈರಸ್ಸು ಕಾಟ ಕೊಡುತ್ತದೆ ಅಂತ. ಆ ವೈರಸ್ಸು ಆರ್ಕಿಯಾದ ಜೀವಕೋಶದಿಂದ ಹೊರಗೆ ಬರುವಾಗ ಥೇಟ್ ನಿಂಬೆಹಣ್ಣು, ಬಾಲವೇ ಇಲ್ಲ. ಸುತ್ತ 75 ಡಿಗ್ರಿಗಿಂತ ಜಾಸ್ತಿ ಬಿಸಿ ಸಿಕ್ಕರೆ ಎರಡು ತುದಿಯಿಂದಲೂ ಉದ್ದ ಬಾಲ ಬೆಳೆಯುತ್ತದೆ. ಜೀವಕೋಶ ಬೇಡ, ಆಹಾರ ಬೇಡ, ಬರೀ ಬಿಸಿ ಸಾಕು. ತಣ್ಣಗಿಟ್ಟರೆ ನಿಂಬೆಹಣ್ಣಾಗೇ ಇರುತ್ತದೆ. ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ "ವೈರಸ್ ಜೀವಕೋಶದ ಹೊರಗೆ ನಿರ್ಜೀವ, ಅಲ್ಲಾಡೋದಿಲ್ಲ" ಅಂತ ಬರೆಸಿದವನು. 2005ರಲ್ಲಿ ಇದು ಪ್ರಕಟವಾದಾಗ ನಾನು ಇನ್ನೂ ಅದನ್ನೇ ಬರೆಸುತ್ತಿದ್ದೆ!

ನಿನ್ನಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾದ್ರೆ ಬಾಲ ಯಾಕೆ ಬೇಕು ಅದಕ್ಕೆ?" ಅಂದಳು. ನೋಡು, ಉಪಯೋಗ ಏನು ಅಂತ ಕೇಳಲೇ ಇಲ್ಲ. ನೀನು ಲ್ಯಾಬಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಅವಳು ಬಚ್ಚಲಲ್ಲಿ ನಿಂತು ಕೇಳಿದಳು.

ಬೈಕಾಡಾವಿರಿಡೇ ಅನ್ನೋ ಆ ವೈರಸ್ಸಿನ ಕುಟುಂಬದ ಹೆಸರು ಮಾತ್ರ ಪಂಕ್ತಿಯಲ್ಲಿ ಎತ್ತಬೇಡ, ಎರಡು ಬಾಲದ್ದು ಅನ್ನು ಸಾಕು. ಮತ್ತೆ, "ಮನೆ ಬಿಟ್ಟು ಹೊರಗೆ ಹೋದ ಮೇಲೇ ಬೆಳೆಯೋದು" ಅಂತ ಅದನ್ನು ನಿನಗೆ ಹೋಲಿಸಿಕೊಂಡು ಊರಿಗೆ ಬರುವುದನ್ನು ತಪ್ಪಿಸಬೇಡ.

ಕಾಫಿ ಕುಯ್ಲು ಶುರುವಾಗಿದೆ. ಬರುವಾಗ ಆ ಮೈಕ್ರೋಸ್ಕೋಪ್ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಾ, ಅಜ್ಜಿಗೆ ಮೊಬೈಲಲ್ಲಿ ಕಾಣಲ್ಲ.

ನಿನ್ನ ದೊಡ್ಡಪ್ಪ