ಎರಡು ಬೆರಳಿನ ಟೈಪಿಂಗ್ ಬಿಡುವ ಬಗ್ಗೆ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಹೊಸ ಕೆಲಸದಲ್ಲಿ ವರದಿಗಳನ್ನೆಲ್ಲ ನೀನೇ ಟೈಪ್ ಮಾಡಬೇಕಾಗಿದೆ, ಎರಡೇ ಬೆರಳಿನಲ್ಲಿ ಹುಡುಕಿ ಒತ್ತುವಷ್ಟರಲ್ಲಿ ಸಂಜೆಯಾಗಿಬಿಡುತ್ತದೆ ಎಂದು ಹೇಳಿದ್ದೆಯಲ್ಲ, ಅದಕ್ಕಾಗಿ ಈ ಪತ್ರ. ಫೋನಿನಲ್ಲಿ ಹೇಳಿದರೆ ಬೆರಳುಗಳ ಲೆಕ್ಕ ತಪ್ಪಿಹೋಗುತ್ತದೆ. ಇದನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟುಕೊಂಡು ಓದು.

ಎಫ್ ಮತ್ತು ಜೆ ಕೀಲಿಗಳನ್ನು ಮುಟ್ಟಿ ನೋಡು, ಸಣ್ಣ ಉಬ್ಬುಗೆರೆಗಳು ಸಿಗುತ್ತವೆ. ಎಡ ತೋರುಬೆರಳನ್ನು ಎಫ್ ಮೇಲೆ, ಬಲ ತೋರುಬೆರಳನ್ನು ಜೆ ಮೇಲೆ ಇಟ್ಟರೆ, ಎಡಗೈಯ ಉಳಿದ ಬೆರಳುಗಳು ಡಿ, ಎಸ್, ಎ ಮೇಲೆಯೂ ಬಲಗೈಯವು ಕೆ, ಎಲ್, ಸೆಮಿಕೋಲನ್ ಮೇಲೆಯೂ ತಾವಾಗಿಯೇ ಕೂರುತ್ತವೆ. ಸ್ಪೇಸ್ ಬಾರ್ ಹೆಬ್ಬೆರಳಿಗೆ. ಬೆರಳು ಮೇಲಿನ ಸಾಲಿಗೆ ಹೋಗಲಿ, ಕೆಳಗಿನದಕ್ಕೆ ಹೋಗಲಿ, ಒತ್ತಿದ ಕೂಡಲೇ ಈ ನಡುಸಾಲಿಗೇ ಮರಳಬೇಕು. ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಮೊದಲ ಪಾಠವೆಂದರೆ ಎಡಗೈಗೆ ‘ಎ ಎಸ್ ಡಿ ಎಫ್ ಜಿ ಎಫ್’, ಬಲಗೈಗೆ ‘ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ’. ಹಾಳೆ ತುಂಬ ಅದನ್ನೇ ಹೊಡೆಸುತ್ತಿದ್ದರು. ಬೇಸರ ಬರಿಸುವ ಪಾಠವೇ ಸರಿ, ಆದರೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಂಡಿಲ್ಲ.

ಕೀಲಿಗಳನ್ನು ನೋಡದೆ ಒತ್ತುವುದು ಅಸಾಧ್ಯವೆಂದು ನಿನಗೆ ಅನ್ನಿಸಬಹುದು, ಆದರೆ ಬಹಳ ಹಿಂದೆಯೇ ಅದನ್ನು ಮಾಡಿ ತೋರಿಸಿದವರಿದ್ದಾರೆ. ಕೀಲಿಗಳ ಈ ಜೋಡಣೆ ಅಮೆರಿಕದ ಶೋಲ್ಸ್ ಎಂಬಾತನದು. ಅವನ ಟೈಪ್‌ರೈಟರ್ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. 1888ರಲ್ಲಿ ಸಿನ್ಸಿನಾಟಿಯಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ, ಅಕ್ಷರಗಳ ಜಾಗವನ್ನೆಲ್ಲ ಬಾಯಿಪಾಠದಂತೆ ಕಲಿತಿದ್ದ ಫ್ರಾಂಕ್ ಮೆಕ್‌ಗರಿನ್ ಎಂಬ ಶೀಘ್ರಲಿಪಿಕಾರ, ಕೀಲಿಮಣೆ ನೋಡದೆಯೇ ಒತ್ತಿ ಎದುರಾಳಿಯನ್ನು ಸೋಲಿಸಿದ ಮೇಲೆ ಈ ಪದ್ಧತಿಗೆ ದೊಡ್ಡ ಹೆಸರು ಬಂತು. ಅವನ ಗೆಲುವಿಗೆ ಕಾರಣ ಸರಳ: ಕಣ್ಣು ಕೀಲಿಗೂ ಕಾಗದಕ್ಕೂ ಓಡಾಡುವ ಹೊತ್ತು ಅವನಿಗೆ ಉಳಿಯುತ್ತಿತ್ತು.

ವೇಗದ ಚಿಂತೆ ಈಗಲೇ ಬೇಡ. ಟೈಪ್‌ರೈಟರಿನಲ್ಲಿ ತಪ್ಪು ಒತ್ತಿದರೆ ಅದು ಹಾಳೆಯ ಮೇಲೆ ಎಲ್ಲರಿಗೂ ಕಾಣುವಂತೆ ಉಳಿಯುತ್ತಿದ್ದುದರಿಂದ ಕೈ ತಾನಾಗಿಯೇ ಎಚ್ಚರ ಕಲಿಯುತ್ತಿತ್ತು. ನಿನ್ನ ಬ್ಯಾಕ್‌ಸ್ಪೇಸ್ ಕೀಲಿ ಆ ಎಚ್ಚರವನ್ನು ಕೆಡಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಭ್ಯಾಸದ ಹೊತ್ತಿನಲ್ಲಿ ಅದನ್ನು ಮುಟ್ಟಬೇಡ. ತಪ್ಪುಗಳು ಹಾಗೆಯೇ ಇರಲಿ, ಕೊನೆಗೆ ಎಣಿಸಿ ನೋಡು, ಯಾವ ಬೆರಳು ಸೋಮಾರಿ ಎಂದು ತಿಳಿಯುತ್ತದೆ. ಸಾಮಾನ್ಯವಾಗಿ ಅದು ಕಿರುಬೆರಳೇ ಆಗಿರುತ್ತದೆ.

ಇಂಗ್ಲಿಷಿನ ಜೊತೆಯಲ್ಲೇ ಕನ್ನಡವನ್ನೂ ಕಲಿ. ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮ ಸರ್ಕಾರವೂ ಒಪ್ಪಿಕೊಂಡಿರುವ, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸವನ್ನೇ ಆರಿಸಿಕೊ. ಅದರಲ್ಲಿ ಕೆ ಒತ್ತಿದರೆ ‘ಕ’, ಶಿಫ್ಟ್ ಜೊತೆಗೆ ಒತ್ತಿದರೆ ಮಹಾಪ್ರಾಣವಾದ ‘ಖ’. ಹೀಗೆ ಬಹುಮಟ್ಟಿಗೆ ಉಚ್ಚಾರಣೆಯ ಜಾಡಿನಲ್ಲೇ ಅಕ್ಷರಗಳು ಸಿಗುತ್ತವೆ. ‘ಟ’ ಮತ್ತು ‘ಡ’ ಮಾತ್ರ ಕ್ಯೂ ಮತ್ತು ಡಬ್ಲ್ಯೂ ಕೀಲಿಗಳಲ್ಲಿವೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಒತ್ತಕ್ಷರಕ್ಕೆ ಎಫ್ ಕೀಲಿ: ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ, ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಒತ್ತಕ್ಷರವಿಲ್ಲದೆ ಎರಡು ಸಾಲು ಮುಂದೆ ಸಾಗದ ಭಾಷೆಗೆ, ಆ ಕೀಲಿ ಎಡ ತೋರುಬೆರಳು ಸದಾ ಕೂತಿರುವ ಜಾಗದಲ್ಲೇ ಇರುವುದು ಎಷ್ಟು ಅನುಕೂಲವೆಂದು ವಾರ ಕಳೆದ ಮೇಲೆ ನಿನಗೇ ತಿಳಿಯುತ್ತದೆ.

ಶಿಫ್ಟ್ ಒತ್ತುವಾಗ ಅಕ್ಷರ ಬಲಗೈಯದಾದರೆ ಎಡ ಶಿಫ್ಟ್, ಎಡಗೈಯದಾದರೆ ಬಲ ಶಿಫ್ಟ್. ‘ಣ’ ಮತ್ತು ‘ಳ’ ಶಿಫ್ಟ್ ಜೊತೆಗೆ ಬರುವುದರಿಂದ ‘ಮಣ್ಣು’, ‘ಬಣ್ಣ’, ‘ಹಳ್ಳಿ’ ಎಂಬ ಪದಗಳು ಇದಕ್ಕೆ ಒಳ್ಳೆಯ ಅಭ್ಯಾಸ. ಮಣಿಕಟ್ಟನ್ನು ಮೇಜಿಗೆ ಊರಬೇಡ, ಬೆನ್ನು ನೆಟ್ಟಗಿರಲಿ, ದಿನಕ್ಕೆ ಅರ್ಧ ಗಂಟೆ ಸಾಕು. ಅಂಕಿಗಳ ಸಾಲನ್ನು ಸದ್ಯಕ್ಕೆ ಬಿಟ್ಟುಬಿಡು. ಅಕ್ಷರಗಳು ಕೈಗೆ ಹತ್ತಿದ ಮೇಲೆ ಅದರ ಬಗ್ಗೆ ಬರೆಯುತ್ತೇನೆ.

ಇಂತಿ,
ನಿನ್ನ ಅಮ್ಮ