ಸ್ವಯಂ ನಿವೃತ್ತಿಯನ್ನು ರಾಜೀನಾಮೆ ಎಂದು ಬರೆಸಿಕೊಳ್ಳಲು ಯತ್ನಿಸಿದ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗ,
ಪೀಣ್ಯ ಘಟಕ, ಬೆಂಗಳೂರು

ವಿಷಯ: ತಡೆಹಿಡಿದಿರುವ ಸ್ವಯಂ ನಿವೃತ್ತಿ ಪರಿಹಾರ ಮತ್ತು ಗ್ರಾಚ್ಯುಟಿ ಕುರಿತು

ಮಾನ್ಯರೇ,

ನಿಮ್ಮ ಗುಣಮಟ್ಟ ತಪಾಸಣಾ ವಿಭಾಗದಲ್ಲಿ 23 ವರ್ಷ ದುಡಿದು, ನೀವೇ ಪ್ರಕಟಿಸಿದ ಸ್ವಯಂ ನಿವೃತ್ತಿ ಯೋಜನೆಯಡಿ ಹೊರಬಂದವಳು ನಾನು. ಅರ್ಜಿ ಅಂಗೀಕರಿಸಿ ನೀವು ಸಹಿ ಮಾಡಿ ಕೊಟ್ಟ ಪತ್ರ ನನ್ನ ಬಳಿ ಇದೆ. ಹಣ ಬಂದಿಲ್ಲ. ದೂರವಾಣಿಯಲ್ಲಿ ವಿನಯದಿಂದ ಕೇಳಿದ್ದಾಯಿತು, ಇಮೇಲ್ ಕಳಿಸಿದ್ದಾಯಿತು. ಫೈಲು ಲೆಕ್ಕಪತ್ರ ವಿಭಾಗದಲ್ಲಿದೆ ಎಂಬುದೊಂದೇ ಉತ್ತರ. ಕಳೆದ ವಾರ ನಿಮ್ಮ ಕಚೇರಿಯಲ್ಲಿ ನಡೆದದ್ದಾದ ಮೇಲೆ ಇನ್ನು ಬಾಯಿಮಾತು ಸಾಕು.

ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿ ಘಟಕದ ವ್ಯವಸ್ಥಾಪಕರು ಆಡಿದ ಮಾತು ನಿಮಗೂ ನೆನಪಿರಬೇಕು: ಬೇಕಾದಷ್ಟು ಜನ ತಾವಾಗಿ ಮುಂದೆ ಬಂದರೆ ಯಾರನ್ನೂ ತೆಗೆಯುವುದಿಲ್ಲ. ನೇರ ಉದ್ಯೋಗ ಕಡಿತ ಶುರುವಾದರೆ, ಕಾರ್ಮಿಕ ಕಾನೂನಿನ ಪ್ರಕಾರ, ಸಾಮಾನ್ಯವಾಗಿ ಕೊನೆಗೆ ಸೇರಿದವರೇ ಮೊದಲು ಹೊರಗೆ. ನಮ್ಮ ವಿಭಾಗದಲ್ಲಿ ಕೊನೆಗೆ ಸೇರಿದವರೆಂದರೆ ಮನೆ ಸಾಲ ಹೊತ್ತ, ಎಳೆಯ ಮಕ್ಕಳಿರುವ ಹೆಣ್ಣುಮಕ್ಕಳು. ನನಗೆ 47. ಮಗ ದುಡಿಯುತ್ತಿದ್ದಾನೆ. ನಿವೃತ್ತಿಗೆ ಇನ್ನೂ 11 ವರ್ಷ ಇದ್ದರೂ ಹೆಸರು ಕೊಟ್ಟೆ.

ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 45 ದಿನಗಳ ಸಂಬಳ ಎಂದು ಸುತ್ತೋಲೆಯಲ್ಲಿತ್ತು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ನನ್ನ ಸಂಬಳ ತಿಂಗಳಿಗೆ 31,200 ರೂಪಾಯಿ. ಪರಿಹಾರ 10,76,400 ಆಯಿತು. ಗ್ರಾಚ್ಯುಟಿ ಬೇರೆ: 31,200ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 18,000, ಒಟ್ಟು 4,14,000.

ಈಗ ಕಳೆದ ವಾರದ ವಿಷಯ. ಕಾವಲುಗಾರರು ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಸಿದರು. ಅದು ಅವರ ಕೆಲಸ, ತಪ್ಪಿಲ್ಲ. ಮೇಲೆ ನಿಮ್ಮ ಅಧಿಕಾರಿಯ ಮೇಜಿನೆದುರು ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಫೈಲುಗಳು, ಇನ್ನೊಂದರ ಮೇಲೆ ಅವರ ಊಟದ ಚೀಲ. ಯಾವುದನ್ನೂ ಎತ್ತಲಿಲ್ಲ. ನಿಂತೇ ಮಾತನಾಡಿದೆ. ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಿದ್ದ ಯುವಕರ ಕಡೆ ತಿರುಗಿ ಅವರು, "ಇವರೇ ಕೈ ಎತ್ತಿ ಹೋದವರು, ಈಗ ದುಡ್ಡು ಎನ್ನುತ್ತಾ ಬಂದಿದ್ದಾರೆ" ಎಂದರು. ನನ್ನ ಪರಿಹಾರದ ಮೊತ್ತವನ್ನು ಇಡೀ ಕೋಣೆಗೆ ಕೇಳುವಂತೆ ಓದಿದರು. ಆಮೇಲೆ ಟೈಪು ಮಾಡಿದ ಒಂದು ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. "ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ" ಎಂದಿತ್ತು. ದಿನಾಂಕ ಯೋಜನೆ ಪ್ರಕಟವಾಗುವುದಕ್ಕಿಂತ ಹಿಂದಿನದು. ಏಕೆಂದು ಕೇಳಿದರೆ, "ದಿನಾಂಕದಲ್ಲಿ ಏನಿದೆ ಮೇಡಂ, ಸಹಿ ಹಾಕಿ, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ." ಮನೆಗೆ ಒಯ್ದು ಓದುತ್ತೇನೆ ಎಂದಾಗ ನನ್ನ ಕೈಯಿಂದಲೇ ಹಾಳೆ ಕಿತ್ತುಕೊಂಡು, "ಮನೆಯಲ್ಲಿ ಯಜಮಾನರಿದ್ದರೆ ಕರೆದುಕೊಂಡು ಬನ್ನಿ, ಅವರಿಗೆ ಅರ್ಥವಾಗುತ್ತದೆ" ಎಂದರು. ಬೆಂಚಿನಲ್ಲಿ ಒಬ್ಬ ನಕ್ಕ.

ಮೈಕ್ರೊಮೀಟರ್ ಹಿಡಿದು, ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಹುಡುಕಿ ನಿಮ್ಮ ಬಿಡಿಭಾಗಗಳನ್ನು ತಿರಸ್ಕರಿಸುತ್ತಿದ್ದವಳು ನಾನು. ನಾನು ಸಹಿ ಹಾಕಿದ ಮೇಲೆಯೇ ಆ ಪೆಟ್ಟಿಗೆಗಳು ಲಾರಿ ಹತ್ತುತ್ತಿದ್ದವು. ಆಗ ಯಾವ ಯಜಮಾನರ ಸಹಿಯನ್ನೂ ನೀವು ಕೇಳಲಿಲ್ಲ.

ಆ ಹಾಳೆಗೆ ಸಹಿ ಬಿದ್ದಿದ್ದರೆ ಏನಾಗುತ್ತಿತ್ತೆಂದು ನಿಮಗೆ ಚೆನ್ನಾಗಿ ಗೊತ್ತು. ಯೋಜನೆಗೂ ಮೊದಲೇ ಕೆಲಸ ಬಿಟ್ಟವಳಿಗೆ ಯೋಜನೆಯ ಪರಿಹಾರವಿಲ್ಲ. ಕೃಪೆಯಿಂದ ಏನಾದರೂ ಕೊಟ್ಟರೂ ಆದಾಯ ತೆರಿಗೆ ಕಾಯ್ದೆಯಡಿ ಸ್ವಯಂ ನಿವೃತ್ತರಿಗೆ ಸಿಗುವ 5 ಲಕ್ಷ ರೂಪಾಯಿವರೆಗಿನ ವಿನಾಯಿತಿ ಇಲ್ಲ. ಆ ವಿನಾಯಿತಿಗೆ ಆದಾಯ ತೆರಿಗೆ ನಿಯಮಗಳು ಇಟ್ಟಿರುವ ಷರತ್ತುಗಳಲ್ಲಿ ಒಂದು, ತೆರವಾದ ಜಾಗವನ್ನು ಮತ್ತೆ ತುಂಬಬಾರದು ಎನ್ನುವುದು. ಬೆಂಚಿನಲ್ಲಿದ್ದ ಯುವಕರು ನನ್ನದೇ ವಿಭಾಗಕ್ಕೆ ಗುತ್ತಿಗೆ ಕೆಲಸ ಕೇಳಿ ಬಂದವರು. ಮೆಟ್ಟಿಲಿಳಿಯುವಾಗ ಅವರೇ ಹೇಳಿದರು. ನನ್ನೊಬ್ಬಳಿಗೆ ಮಾತ್ರವಲ್ಲ, ನನ್ನೊಂದಿಗೆ ಹೊರಬಂದ ಎಲ್ಲರ ವಿನಾಯಿತಿಗೂ ನೀವು ಕುತ್ತು ತರುತ್ತಿದ್ದೀರಿ.

ಗ್ರಾಚ್ಯುಟಿಯಂತೂ ನಿಮ್ಮ ಯೋಜನೆಯ ಕೊಡುಗೆಯೇ ಅಲ್ಲ. ಕಾನೂನಿನ ಪ್ರಕಾರ ಅದು ನನ್ನ ಹಕ್ಕು, 30 ದಿನಗಳೊಳಗೆ ಕೊಡಬೇಕಾದದ್ದು. ಆ ಗಡುವು ಎಂದೋ ಮುಗಿದಿದೆ. ವಿಳಂಬಕ್ಕೆ ಶೇ 10ರ ಸರಳ ಬಡ್ಡಿಯನ್ನೂ ಸೇರಿಸಿಯೇ ಕೊಡಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಎರಡೂ ಮೊತ್ತ ನನ್ನ ಖಾತೆಗೆ ಬರಬೇಕು. ಭವಿಷ್ಯ ನಿಧಿಯ ದಾಖಲೆಯಲ್ಲಿ ಸ್ವಯಂ ನಿವೃತ್ತಿ ಎಂದೇ ನಮೂದಾಗಬೇಕು. ಆ ಅಧಿಕಾರಿ ಲಿಖಿತವಾಗಿ ಕ್ಷಮೆ ಕೇಳಬೇಕು. ಇಲ್ಲವಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಗ್ರಾಚ್ಯುಟಿಗಾಗಿ ಅರ್ಜಿ ಹಾಕುತ್ತೇನೆ, ಪರಿಹಾರಕ್ಕಾಗಿ ವಕೀಲರ ನೋಟಿಸ್ ಕಳಿಸುತ್ತೇನೆ.

ಇನ್ನೊಂದು ಮಾತು. ಯೋಜನೆಯ ಎರಡನೇ ಸುತ್ತಿಗೆ ಹೆಸರು ಕೊಡುವಂತೆ ಈಗ ಒಳಗಿರುವವರನ್ನು ನೀವು ಒತ್ತಾಯಿಸುತ್ತಿರುವುದು ನನಗೆ ತಿಳಿದಿದೆ. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹೊರಗೆ ನಿಂತು, ನಿಮ್ಮ ಸುತ್ತೋಲೆ, ನಿಮ್ಮ ಅಂಗೀಕಾರ ಪತ್ರ ಮತ್ತು ಈ ದೂರಿನ ಪ್ರತಿಗಳನ್ನು ಒಬ್ಬೊಬ್ಬರ ಕೈಗೂ ಕೊಡುತ್ತೇನೆ. ಆಮೇಲೆ ಎಷ್ಟು ಜನ ತಾವಾಗಿ ಮುಂದೆ ಬರುತ್ತಾರೋ ನೋಡಿಕೊಳ್ಳಿ.

ಇತಿ,
ಗುಣಮಟ್ಟ ತಪಾಸಣಾ ವಿಭಾಗದ ಮಾಜಿ ಉದ್ಯೋಗಿ

ಲಗತ್ತು: ಸುತ್ತೋಲೆ ಮತ್ತು ಅಂಗೀಕಾರ ಪತ್ರದ ಪ್ರತಿಗಳು